ಹೊಸ ಕೌನ್ಸಿಲರಿಗೆ ನಾವು ಕೇಳಬೇಕಾದ ಮಾತು

(ಗಾರ್ಡನ್ ರೀಚಿನಲ್ಲಿ ಕೂಡಿದ ಹೋಟೆಲು ಹಾಗೂ ಗಿರಣಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ದಿನವಿಡೀ ನಿಂತು ದುಡಿದು, ಕಾಲುನೋವನ್ನೂ ಲೆಕ್ಕಿಸದೆ ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೇ ಬರುತ್ತೇನೆ.

ನಗರಸಭೆಗೆ ಚುನಾವಣೆ ನಡೆದ ಮೇಲೆ, ಗೆದ್ದ ಕೌನ್ಸಿಲರು ಒಂದು ದಿನ ವಾರ್ಡಿನ ಜನರನ್ನು ಕರೆಯುತ್ತಾರೆ. ಹಾರ ತುರಾಯಿಗಳಾದ ಮೇಲೆ ಒಂದು ಪಟ್ಟಿಯನ್ನು ಓದುತ್ತಾರೆ. ಮೊದಲು ನೀರು, ಆಮೇಲೆ ಚರಂಡಿ, ಆಮೇಲೆ ಬೀದಿಯ ದೀಪ, ಶಾಲೆ, ಔಷಧಾಲಯ. ಅನಂತರ ವೇದಿಕೆಯ ಮೇಲಿನ ಮೂರು ನಾಲ್ಕು ಮಂದಿಯನ್ನು ತೋರಿಸಿ, ಇವರು ನನ್ನ ಜೊತೆ ಕೆಲಸ ಮಾಡುವವರು ಎಂದು ಪರಿಚಯಿಸುತ್ತಾರೆ. ನಾವು ಚಪ್ಪಾಳೆ ತಟ್ಟಿ, ಕೊಟ್ಟ ಚಹಾ ಕುಡಿದು ಹಿಂದಿರುಗುತ್ತೇವೆ. ಅಂಥ ಸಭೆಯಲ್ಲಿ ದುಡಿಯುವ ಮನುಷ್ಯನು ಏನು ಕೇಳಬೇಕು ಎಂಬುದೇ ಈ ದಿನ ನಾನು ಹೇಳಬೇಕೆಂದಿರುವ ಮಾತು.

ನಮ್ಮಲ್ಲಿ ಬಹಳ ಮಂದಿ ಹೋಟೆಲಿನವರು. ಬಾಗಿಲ ಬಳಿ ಕರಿಹಲಗೆಯ ಮೇಲೆ ತಿಂಡಿಯ ಪಟ್ಟಿ ಬರೆದಿರುತ್ತದೆಯಷ್ಟೆ. ಇಡ್ಲಿ, ದೋಸೆ, ಉಪ್ಪಿಟ್ಟು, ಕೇಸರಿಭಾತು. ಗಿರಾಕಿ ಅದನ್ನು ಓದಿ ಸಂತೋಷಪಡುತ್ತಾನೆ. ಆದರೆ ಒಳಗೆ ಕೆಲಸ ಮಾಡುವ ನಮಗೆ ಬೇರೆ ಲೆಕ್ಕ ಗೊತ್ತು. ಹಿಟ್ಟು ರುಬ್ಬಿದವರು ಯಾರು? ಒಲೆಯ ಮುಂದೆ ನಿಂತವರು ಯಾರು? ಭಟ್ಟರು ರಜೆಯ ಮೇಲೆ ಹೋದ ದಿನ ಹಲಗೆಯ ಮೇಲೆ ದೋಸೆ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ ದೋಸೆ ಬರುವುದಿಲ್ಲ. ಕೌನ್ಸಿಲರ ಪಟ್ಟಿಯೂ ಹೀಗೆಯೇ. ಪ್ರತಿಯೊಂದು ಕೆಲಸಕ್ಕೂ ಒಬ್ಬ ಹೊಣೆಗಾರನ ಹೆಸರಿರಬೇಕು. ಹೆಸರಿಲ್ಲದ ಕೆಲಸ ಹಲಗೆಯ ಮೇಲೆಯೇ ಉಳಿಯುತ್ತದೆ.

ಇದಕ್ಕೆ ಇದೇ ಕಲ್ಕತ್ತೆಯ ನಗರಸಭೆಯ ಚರಿತ್ರೆಯಿಂದ ಒಂದು ದೃಷ್ಟಾಂತ ಕೊಡುತ್ತೇನೆ. 1923ನೆಯ ಇಸವಿಯಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರು ಮಂತ್ರಿಗಳಾಗಿದ್ದಾಗ ಕಲ್ಕತ್ತೆಗೆ ಹೊಸ ಮ್ಯುನಿಸಿಪಲ್ ಕಾನೂನು ಬಂತು. ಅದರಂತೆ ಸುತ್ತಲಿನ ಕೆಲವು ಪುರಸಭೆಗಳನ್ನು ಕಾರ್ಪೊರೇಷನ್ನಿಗೆ ಸೇರಿಸಿದರು. ಅವುಗಳಲ್ಲಿ ನಾವೀಗ ಕುಳಿತಿರುವ ಗಾರ್ಡನ್ ರೀಚೂ ಒಂದು. 1924ರಲ್ಲಿ ಚುನಾವಣೆ ನಡೆದು, ಸ್ವರಾಜ್ಯ ಪಕ್ಷ ಗೆದ್ದು, ದೇಶಬಂಧು ಚಿತ್ತರಂಜನ ದಾಸರು ಮೇಯರಾದರು. ಶಹೀದ್ ಸುಹ್ರವರ್ದಿಯವರು ಉಪಮೇಯರಾದರು.

ಹೊಸ ಮೇಯರು ಸಭೆಯ ಮುಂದೆ ಇಟ್ಟ ಕಾರ್ಯಕ್ರಮವೇನು? ಬಡವರ ಮಕ್ಕಳಿಗೆ ಶುಲ್ಕವಿಲ್ಲದ ಪ್ರಾಥಮಿಕ ಶಿಕ್ಷಣ, ಬಡವರಿಗೆ ಧರ್ಮಾರ್ಥ ವೈದ್ಯ, ಶುದ್ಧವೂ ಅಗ್ಗವೂ ಆದ ಆಹಾರ ಮತ್ತು ಹಾಲು, ಒಳ್ಳೆಯ ನೀರು, ಬಸ್ತಿಗಳ ನೈರ್ಮಲ್ಯ, ಬಡವರಿಗೆ ವಸತಿ, ಹೊರವಲಯದ ಬಡಾವಣೆಗಳ ಅಭಿವೃದ್ಧಿ, ವಾಹನ ಸೌಕರ್ಯ, ಕಡಿಮೆ ವೆಚ್ಚದಲ್ಲಿ ದಕ್ಷ ಆಡಳಿತ. ನೂರು ವರ್ಷ ಕಳೆದಿವೆ. ಇವತ್ತು ಯಾವ ಕೌನ್ಸಿಲರು ಎದ್ದು ನಿಂತು ಓದಿದರೂ ಪಟ್ಟಿ ಹೆಚ್ಚು ಕಡಿಮೆ ಇದೇ!

ದಾಸರು ಪಟ್ಟಿಯನ್ನು ಓದಿ ಸುಮ್ಮನಾಗಲಿಲ್ಲ. ಕೆಲಸಕ್ಕೆ ಮನುಷ್ಯರನ್ನು ಹುಡುಕಿದರು. ಕಾರ್ಪೊರೇಷನ್ನಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ಬಂದವರು ಸುಭಾಷಚಂದ್ರ ಬೋಸರು. ಆಗ ಅವರ ವಯಸ್ಸು 27. ಆ ಹುದ್ದೆಗೆ ತಿಂಗಳಿಗೆ ಮೂರು ಸಾವಿರ ರೂಪಾಯಿ ಸಂಬಳ. ಬೋಸರು ತಮಗೆ ಒಂದೂವರೆ ಸಾವಿರ ಸಾಕೆಂದರು. ಶಿಕ್ಷಣಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದರು. ಅವರು ಕ್ಷಿತೀಶಪ್ರಸಾದ ಚಟ್ಟೋಪಾಧ್ಯಾಯರು. ಬಾಲಕ ಬಾಲಿಕೆಯರಿಗಾಗಿ ಶುಲ್ಕವಿಲ್ಲದ ಶಾಲೆಗಳು ತೆರೆದವು. ಬಡವರಿಗೆ ಔಷಧಾಲಯಗಳು, ಹಸುಗೂಸುಗಳಿಗೆ ಹಾಲು ಕೊಡುವ ಕೇಂದ್ರಗಳು ಬಂದವು. ಆ ವರ್ಷದ ಅಕ್ಟೋಬರ್ 25ರಂದು ಬ್ರಿಟಿಷ್ ಸರ್ಕಾರ ಬೋಸರನ್ನು ಬಂಧಿಸಿತು. ಮುಂದೆ ಬರ್ಮಾದ ಮಾಂಡಲೆ ಸೆರೆಮನೆಗೆ ಕಳಿಸಿತು. 1925ರ ಜೂನ್ 16ರಂದು ದಾಸರೂ ತೀರಿಕೊಂಡರು. ಆದರೂ ಶಾಲೆಗಳು ಮುಚ್ಚಲಿಲ್ಲ. ಏಕೆ? ಆ ಕೆಲಸಕ್ಕೆ ಒಂದು ಇಲಾಖೆ, ಒಬ್ಬ ಅಧಿಕಾರಿ, ಒಂದು ಲೆಕ್ಕದ ಪುಸ್ತಕ ಆಗಲೇ ಹುಟ್ಟಿತ್ತು.

ಇನ್ನೊಂದು ಮುಖವನ್ನೂ ನೋಡೋಣ. ಅದೇ ಪಟ್ಟಿಯಲ್ಲಿ ಬಸ್ತಿಗಳ ನೈರ್ಮಲ್ಯವೂ ಇತ್ತು, ಬಡವರ ವಸತಿಯೂ ಇತ್ತು. ಕಲ್ಕತ್ತೆಯ ಬಸ್ತಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಲ್ಲಿ, ಚರಂಡಿ, ಪಾಯಿಖಾನೆಗಳ ಕೆಲಸ ಹಿಡಿದದ್ದು 1970ರಲ್ಲಿ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ ಮೇಲೆ. ಲೆಕ್ಕ ಹಾಕಿ, ಸುಮಾರು ಅರ್ಧ ಶತಮಾನ! ದಾಸರ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮನಸ್ಸೊಂದೇ ಸಾಲದು ಎಂದು ಹೇಳುತ್ತಿದ್ದೇನೆ. ಆಗ ಮತ ಹಾಕುವ ಹಕ್ಕು ಇದ್ದದ್ದು ತೆರಿಗೆ ಬಾಡಿಗೆಗಳ ಲೆಕ್ಕದ ಮೇಲೆ. ಬಸ್ತಿಯ ಕೂಲಿಗೆ ಮತವಿರಲಿಲ್ಲ. ಮತವಿಲ್ಲದವನ ಕೆಲಸ ಪಟ್ಟಿಯ ಕೊನೆಗೆ ಸರಿಯುತ್ತದೆ.

ಸಿಬ್ಬಂದಿ ಎಂದಾಗ ನಾವು ಮೇಲಿನವರನ್ನಷ್ಟೇ ನೆನೆಯುತ್ತೇವೆ. ಆದರೆ ನಗರದ ಕಸ ತೆಗೆದವರು, ಮಲ ಹೊತ್ತವರು ಯಾರು? ಅವರೂ ಕಾರ್ಪೊರೇಷನ್ನಿನ ನೌಕರರೇ. 1928ರ ಮಾರ್ಚಿನಲ್ಲಿ ಒಮ್ಮೆ, ಜೂನಿನಲ್ಲಿ ಮತ್ತೊಮ್ಮೆ ಕಲ್ಕತ್ತೆಯ ಜಾಡಮಾಲಿಗಳು ಕೆಲಸ ನಿಲ್ಲಿಸಿದರು. ಅವರ ಮುಂದೆ ನಿಂತವರು ಪ್ರಭಾವತಿ ದಾಸಗುಪ್ತರು, ಮುಜಫರ್ ಅಹಮದರು. ಸ್ವದೇಶಿ ಜನರೇ ಕೂತ ಕಾರ್ಪೊರೇಷನ್ನಿನ ಮುಂದೆಯೇ ಕೂಲಿ ಹೆಚ್ಚಿಸಿ ಎಂದು ಕೈ ಚಾಚಬೇಕಾಯಿತು. ಕಸ ಬೀದಿಯಲ್ಲಿ ಕೊಳೆತ ಮೇಲೆ ದೊಡ್ಡವರಿಗೆ ತಿಳಿಯಿತು, ನಗರ ನಡೆಸುವವರು ಯಾರೆಂದು. ಬಂಧುಗಳೇ, ತಟ್ಟೆ ತೊಳೆಯುವ ಹುಡುಗ ಒಂದು ಹೊತ್ತು ಬಾರದಿದ್ದರೆ ಹೋಟೆಲಿನ ಗತಿ ಏನೆಂದು ನಿಮಗೆ ನಾನು ವಿವರಿಸಬೇಕೆ?

ಈಗ ಗಾರ್ಡನ್ ರೀಚಿನ ಮಾತು. 1932ರಲ್ಲಿ ಇದನ್ನು ಕಾರ್ಪೊರೇಷನ್ನಿನಿಂದ ಬೇರೆ ಮಾಡಿ ಮತ್ತೆ ಪ್ರತ್ಯೇಕ ಪುರಸಭೆ ಮಾಡಿದರು. 1984ರಲ್ಲಿ ಜಾದವಪುರ, ಸೌತ್ ಸಬರ್ಬನ್‌ಗಳ ಜೊತೆ ಮರಳಿ ಸೇರಿಸಿದರು. ಈಗ ಕಲ್ಕತ್ತೆಗೆ 144 ವಾರ್ಡು, 16 ಬರೋ. ಗಾರ್ಡನ್ ರೀಚ್, ಮಟಿಯಾಬುರ್ಜಿನ ಕಡೆಯದು 15ನೆಯ ಬರೋ. ಇಲ್ಲಿನ ಜಲಶುದ್ಧಿ ಕಾರ್ಖಾನೆಯಲ್ಲಿ ಹೂಗ್ಲಿಯ ನೀರು ತಿಳಿಯಾಗಿ ಬೆಹಾಲಾ ಮುಂತಾದ ದಕ್ಷಿಣದ ಬಡಾವಣೆಗಳಿಗೆಲ್ಲ ಹರಿಯುತ್ತದೆ. ಇಲ್ಲಿ ಹಡಗು ಕಟ್ಟುವವರಿದ್ದಾರೆ, ಬಟ್ಟೆ ಹೊಲಿಯುವ ದರ್ಜಿಗಳಿದ್ದಾರೆ. ಎಲ್ಲರೂ ದುಡಿದು ತಿನ್ನುವವರೇ.

2024ರ ಮಾರ್ಚ್ 17ರ ನಡುರಾತ್ರಿ, ಇದೇ ಗಾರ್ಡನ್ ರೀಚಿನ 134ನೆಯ ವಾರ್ಡಿನ ಅಝರ್ ಮೊಲ್ಲಾ ಬಾಗಾನಿನಲ್ಲಿ, ಅನುಮತಿಯಿಲ್ಲದೆ ಮೇಲೇಳುತ್ತಿದ್ದ ಐದು ಅಂತಸ್ತಿನ ಕಟ್ಟಡ ಕುಸಿದು ಪಕ್ಕದ ಗುಡಿಸಲುಗಳ ಮೇಲೆ ಬಿತ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅದು ರಂಜಾನ್ ತಿಂಗಳು. ಓಣಿ ಇಕ್ಕಟ್ಟಾದ್ದರಿಂದ ಅವಶೇಷ ತೆಗೆಯುವ ಯಂತ್ರವನ್ನು ಒಳಗೆ ತರುವುದೂ ಕಷ್ಟವಾಯಿತು. ಐದು ಅಂತಸ್ತು ಒಂದು ರಾತ್ರಿಯಲ್ಲಿ ಏಳುವುದಿಲ್ಲ. ತಳಪಾಯ ತೋಡಿದ್ದನ್ನು, ಕಬ್ಬಿಣ ಇಳಿಸಿದ್ದನ್ನು, ಒಂದೊಂದೇ ಅಂತಸ್ತು ಏರಿದ್ದನ್ನು ಬೀದಿಯೆಲ್ಲ ನೋಡಿದೆ. ಕುಸಿದ ಮೇಲೆ ಗುತ್ತಿಗೆದಾರನನ್ನು ಬಂಧಿಸಿದರು. ಬರೋದ ಕಟ್ಟಡ ಇಲಾಖೆಯ ಮೂವರು ಎಂಜಿನಿಯರುಗಳಿಗೆ ಕಾರಣ ಕೇಳಿ ನೋಟೀಸು ಕೊಟ್ಟರು.

ನೋಡಿ, ಆ ದಿನ ಎಂಜಿನಿಯರುಗಳ ವಿಷಯ ಪತ್ರಿಕೆಯಲ್ಲಿ ಬಂತು. ಈ ಬೀದಿಯ ಕಟ್ಟಡಗಳನ್ನು ನೋಡಿಕೊಳ್ಳಬೇಕಾದವರು ಇಂಥವರು ಎಂಬುದು ಸತ್ತವರ ಪಕ್ಕದಲ್ಲಿ ಕೂತು ತಿಳಿಯುವ ಸಂಗತಿಯೇ? ಅದು ಚುನಾವಣೆ ಮುಗಿದ ಮೊದಲ ಸಭೆಯಲ್ಲೇ ಗುಡಿಸಲಿನ ಕೊನೆಯ ಹೆಂಗಸಿಗೂ ತಿಳಿದಿರಬೇಕಾದ ಸಂಗತಿ. ತಿಳಿದಿದ್ದರೆ ಎರಡನೆಯ ಅಂತಸ್ತು ಏರುವ ಹೊತ್ತಿಗೆ ಹತ್ತು ಜನ ಆ ಅಧಿಕಾರಿಯ ಬಾಗಿಲು ತಟ್ಟಲು ಒಂದು ದಾರಿಯಾದರೂ ಇರುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಕೇಳಿ. ಕೌನ್ಸಿಲರು ವೇದಿಕೆಯ ಮೇಲೆ ಪರಿಚಯಿಸುವವರು ಅನೇಕ ವೇಳೆ ಅವರ ಪಕ್ಷದ ಹುಡುಗರು. ಅವರು ಒಳ್ಳೆಯವರೇ ಇರಬಹುದು. ಆದರೆ ಅವರಿಗೆ ಸರ್ಕಾರಿ ಸಂಬಳವಿಲ್ಲ, ರುಜು ಹಾಕುವ ಅಧಿಕಾರವಿಲ್ಲ, ತಪ್ಪಿದರೆ ಉತ್ತರ ಹೇಳುವ ಹೊಣೆಯೂ ಇಲ್ಲ. ನೀರಿಗೆ, ಕಸಕ್ಕೆ, ಚರಂಡಿಗೆ, ದೀಪಕ್ಕೆ, ಕಟ್ಟಡಕ್ಕೆ, ಸೊಳ್ಳೆ ನಿವಾರಣೆಗೆ ಕಾರ್ಪೊರೇಷನ್ನಿನಲ್ಲಿ ಬೇರೆ ಬೇರೆ ಇಲಾಖೆ, ಬೇರೆ ಬೇರೆ ನೌಕರರಿದ್ದಾರೆ. ನಮಗೆ ಪರಿಚಯ ಬೇಕಾದದ್ದು ಅವರದು. ಮಧ್ಯದ ಹುಡುಗನ ಮೂಲಕವೇ ಎಲ್ಲ ನಡೆಯಲಿ ಎಂದು ಬಿಟ್ಟರೆ, ಹಕ್ಕಿನಿಂದ ಬರಬೇಕಾದ ನಲ್ಲಿ ಉಪಕಾರವಾಗಿ ಬರುತ್ತದೆ. ಉಪಕಾರಕ್ಕೆ ಬೆಲೆ ಕಟ್ಟುವವರು ಅವರು, ತೆರುವವರು ನಾವು.

ಕೌನ್ಸಿಲರೇ ಬೇಡ, ಅಧಿಕಾರಿಗಳೇ ಸಾಕು ಎಂದು ಕೆಲವರು ಹೇಳುವುದುಂಟು. ಅಂಥವರು ನಮ್ಮ ಬೆಂಗಳೂರನ್ನು ನೋಡಲಿ. ಅಲ್ಲಿನ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಐದು ವರ್ಷಕ್ಕೂ ಹೆಚ್ಚು ಕಾಲ ವಾರ್ಡಿಗೆ ಒಬ್ಬ ಕೌನ್ಸಿಲರೂ ಇರಲಿಲ್ಲ. 2025ರಲ್ಲಿ ಒಂದು ಪಾಲಿಕೆಯನ್ನು ಐದಾಗಿ ಮಾಡಿದರು, ಆಗಲೂ ಜನ ಆರಿಸಿದವರು ಒಳಗಿರಲಿಲ್ಲ. ಅಧಿಕಾರಿ ಇದ್ದು ಕೌನ್ಸಿಲರಿಲ್ಲದಿದ್ದರೆ ಬಡವನು ತನ್ನ ಮಾತನ್ನು ಯಾರ ಬಾಯಿಂದ ಆಡಿಸಬೇಕು? ಆದ್ದರಿಂದ ನಮಗೆ ಇಬ್ಬರೂ ಬೇಕು. ಕೇಳುವ ಕೌನ್ಸಿಲರೂ ಬೇಕು, ಮಾಡುವ ನೌಕರನೂ ಬೇಕು. ಇಬ್ಬರ ಹೆಸರೂ ನಮಗೆ ಗೊತ್ತಿರಬೇಕು.

ಹಾಗಾದರೆ ಮುಂದಿನ ಸಲ ಹೊಸ ಕೌನ್ಸಿಲರು ಸಭೆ ಕರೆದಾಗ ಮಾಡಬೇಕಾದದ್ದೇನು? ನಾಲ್ಕು ಪ್ರಶ್ನೆ ಸಾಕು. ಮೊದಲನೆಯದು, ಈ ಕೆಲಸಗಳಲ್ಲಿ ಮೊದಲು ಯಾವುದು? ಹತ್ತೂ ಮೊದಲು ಎಂದರೆ ಒಂದೂ ಮೊದಲಲ್ಲ. ಎರಡನೆಯದು, ಪ್ರತಿ ಕೆಲಸಕ್ಕೆ ನಗರಸಭೆಯ ಯಾವ ನೌಕರರು ಹೊಣೆ, ಅವರು ಯಾವ ಕಛೇರಿಯಲ್ಲಿ ಯಾವ ಹೊತ್ತಿಗೆ ಸಿಗುತ್ತಾರೆ? ಮೂರನೆಯದು, ಹಣ ಎಷ್ಟು, ಮುಗಿಯುವುದು ಎಂದು? ನಾಲ್ಕನೆಯದು, ನಮ್ಮ ವಾರ್ಡಿನ ಕಸ ಗುಡಿಸುವವರು ಎಷ್ಟು ಮಂದಿ, ಅವರಿಗೆ ಸಂಬಳ ತಿಂಗಳಿಗೆ ಸರಿಯಾಗಿ ಸೇರುತ್ತಿದೆಯೇ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅವರಿಗಾಗಿ ನಾವು ಕೇಳಿದರೆ ನಮಗಾಗಿ ಅವರು ಕೇಳುತ್ತಾರೆ.

ನಮ್ಮ ಬಂಗಾಳಿ ಹರಕುಮುರುಕು, ದೊಡ್ಡವರ ಮುಂದೆ ನಾಲಿಗೆ ಏಳುವುದಿಲ್ಲ ಎನ್ನುತ್ತೀರಿ. ಗಿರಾಕಿಯ ಜೊತೆ ಆಡುವ ಬಂಗಾಳಿ ಸಾಕು. ಅದೂ ಆಗದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಚೀಟಿ ಬರೆಸಿ ಓದಿಸಿ. ಉತ್ತರವನ್ನು ಅಲ್ಲೇ ಬರೆದುಕೊಂಡು, ತಾರೀಖು ಹಾಕಿ, ಸಂಘದ ಕಡತದಲ್ಲಿ ಇಡೋಣ. ಆರು ತಿಂಗಳಾದ ಮೇಲೆ ಅದೇ ಚೀಟಿಯನ್ನು ತೆಗೆದುಕೊಂಡು ಅದೇ ಬಾಗಿಲಿಗೆ ಹೋಗೋಣ.

ಎಲ್ಲಕ್ಕೂ ಮೊದಲು ಮತದಾರರ ಪಟ್ಟಿ. ನಮ್ಮವರಲ್ಲಿ ಎಷ್ಟೋ ಜನರ ಹೆಸರು ಊರಿನಲ್ಲಿದೆ, ಮೈ ಇಲ್ಲಿದೆ. ಎರಡು ಕಡೆ ಹೆಸರಿಡುವುದು ಕಾನೂನಿಗೆ ವಿರೋಧ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿಯೇ ಮತ. ಇಲ್ಲಿಯೇ ನೆಲೆಸಿದವರು ಊರಿನಿಂದ ಹೆಸರನ್ನು ವರ್ಗಾಯಿಸಲು 8ನೆಯ ನಮೂನೆ, ಹದಿನೆಂಟು ತುಂಬಿದ ಮಕ್ಕಳು ಹೊಸದಾಗಿ ಸೇರಲು 6ನೆಯ ನಮೂನೆ. ತುಂಬಲು ಬಾರದವರಿಗೆ ಸಂಘದ ಗೆಳೆಯರು ತುಂಬಿಕೊಡುತ್ತಾರೆ. ಇದಕ್ಕಾಗಿ ಯಾರಿಗೂ ಒಂದು ಕಾಸು ಕೊಡಬೇಡಿ. ವರ್ಷಕ್ಕೆ ಹನ್ನೊಂದು ತಿಂಗಳು ಕುಡಿಯುವುದು ಹೂಗ್ಲಿಯ ನೀರಾದರೆ, ಆ ನೀರಿನ ಲೆಕ್ಕ ಕೇಳುವ ಮತವೂ ಇಲ್ಲಿಯೇ ಇರುವುದು ನ್ಯಾಯ.

1924ರಲ್ಲಿ ಬಸ್ತಿಯ ಕೂಲಿಗೆ ಇಲ್ಲದ ಹಕ್ಕು ಈಗ ನಮ್ಮ ಕೈಯಲ್ಲಿದೆ. ಅದನ್ನು ಐದು ವರ್ಷಕ್ಕೊಮ್ಮೆ ಬೆರಳಿಗೆ ಹಚ್ಚುವ ಶಾಯಿಯಷ್ಟಕ್ಕೇ ಬಿಡಬೇಡಿ. ಪಟ್ಟಿ ಓದುವುದು ಅವರ ಕೆಲಸ, ಹೆಸರು ಕೇಳುವುದು ನಮ್ಮ ಕೆಲಸ. ಸಭೆ ಮುಗಿದ ಮೇಲೆ ಆ ಮೇಜಿನ ಬಳಿ ಬನ್ನಿ, ನಮೂನೆಗಳನ್ನು ಅಲ್ಲಿ ಇಟ್ಟಿದ್ದೇವೆ.