ಅಂಡಾಣುವಿನ ವಯಸ್ಸು



ಮೊದಲ ಮೂರು ತಿಂಗಳಲ್ಲಿ ಗರ್ಭಸ್ರಾವವಾದರೆ ಗ್ರಹಣವನ್ನೋ ಶಾಪವನ್ನೋ ಸೊಸೆಯ ಕಾಲ್ಗುಣವನ್ನೋ ದೂರುವುದುಂಟು. ಆದರೆ ಇಂತಹ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ದೋಷವೇ ಕಾರಣ.

ವರ್ಣತಂತುಗಳೆಂದರೆ ತಂದೆತಾಯಿಯರ ಗುಣಗಳನ್ನು ಮಕ್ಕಳಿಗೆ ಸಾಗಿಸುವ ಸೂಕ್ಷ್ಮ ಎಳೆಗಳು. ನಮ್ಮ ಜೀವಕೋಶಗಳಲ್ಲಿ ಇವು 46 ಇರುತ್ತವೆ. ಅಂಡಾಣು ಪಕ್ವವಾಗುವಾಗ ಇವು ಸಮನಾಗಿ ಬೇರ್ಪಟ್ಟು ಅದರಲ್ಲಿ 23 ಉಳಿಯಬೇಕು. ಇನ್ನುಳಿದ 23ನ್ನು ತಂದೆಯ ವೀರ್ಯಾಣು ತರುತ್ತದೆ.

ವೀರ್ಯಾಣುಗಳು ನಿತ್ಯವೂ ಹೊಸದಾಗಿ ಉತ್ಪತ್ತಿಯಾಗುತ್ತವೆ. ಅಂಡಾಣುಗಳಾದರೋ ಸ್ತ್ರೀಯು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡು, ಹಲವು ವರ್ಷ ಕಾದಿರುತ್ತವೆ. ವರ್ಣತಂತುಗಳನ್ನು ಜೊತೆಯಾಗಿ ಹಿಡಿದಿಡುವ ಅಂಟಿನಂತಹ ಪ್ರೋಟೀನು ಹಳೆಯ ಹಗ್ಗದಂತೆ ಕಾಲಕ್ರಮೇಣ ಸಡಿಲವಾಗುತ್ತದೆ. ಆಗ ಹಂಚಿಕೆ ತಪ್ಪಿ, ಅಂಡಾಣುವಿನಲ್ಲಿ ಒಂದು ವರ್ಣತಂತು ಹೆಚ್ಚಾಗಬಹುದು ಅಥವಾ ಕಡಿಮೆಯಾಗಬಹುದು. ಅಂತಹ ಗರ್ಭಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. 21ನೆಯ ವರ್ಣತಂತು ಒಂದು ಹೆಚ್ಚಾಗಿ ಶಿಶು ಜನಿಸಿದರೆ, ಆ ಸ್ಥಿತಿಗೆ ಡೌನ್ ಸಿಂಡ್ರೋಮ್ ಎಂದು ಹೆಸರು. ಅಂತಹ ಮಗುವಿನ ಬೆಳವಣಿಗೆ ನಿಧಾನ. ಪ್ರೀತಿ, ಚಿಕಿತ್ಸೆ, ತರಬೇತಿಗಳು ದೊರೆತರೆ ಅದೂ ಕಲಿಯುತ್ತದೆ. ತಾಯಿಗೆ 25 ವರ್ಷವಾಗಿದ್ದಾಗ ಇಂತಹ ಜನನ ಸುಮಾರು 1,250ಕ್ಕೆ ಒಂದು. 35ರಲ್ಲಿ ಸುಮಾರು 350ಕ್ಕೆ ಒಂದು. 40ರಲ್ಲಿ ಸುಮಾರು 100ಕ್ಕೆ ಒಂದು.

ಆದುದರಿಂದ ಭಯ ಬೇಡ, ಯೋಜನೆ ಇರಲಿ. 20 ತುಂಬಿದ ಮೇಲೆ, 35ರೊಳಗೆ ಸಂತಾನ ಪಡೆಯುವುದು ಕ್ಷೇಮ. ಅನಂತರ ಗರ್ಭ ಧರಿಸಿದರೆ ಮೊದಲ ತಿಂಗಳುಗಳಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಗರ್ಭ ನಷ್ಟವಾದಾಗ ಪತಿಯು ಪತ್ನಿಗೆ ಆಸರೆಯಾಗಲಿ, ತಪ್ಪು ಆಕೆಯದಲ್ಲ.