ಕೇಸು ಐತಿ ಅಂದವರು ಯಾರು?

(ಕನಮಡಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಕಥೆ ಓದುವುದಿಲ್ಲ. ಲೆಕ್ಕವೂ ಇಲ್ಲ. ಇವತ್ತು ಪೊಲೀಸ್ ಕಾಗದ, ಕೋರ್ಟ್ ಕಾಗದದ ಮಾತು. "ಅದು ಗಂಡಸರ ಕೆಲಸರಿ, ನಮಗ್ಯಾಕ?" ಅಂತ ಹಿಂದೆ ಕೂತವರು ಯಾರೋ ಅಂದರು. ನಮಗೆ ಕೇಳಿಸಿತು. ಯಾಕೆ ಅಂತ ಹೇಳುತ್ತೇವೆ, ಕೇಳಿರಿ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಇದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಅವರ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಜತ್ತ ಕಡೆಯವನು. ನಮ್ಮೂರಿನಿಂದ ಗಡಿ ದಾಟಿದರೆ ಮಹಾರಾಷ್ಟ್ರ. ಕೊಡುವುದು ತರುವುದು ಮೊದಲಿನಿಂದ ಇದ್ದದ್ದೇ. ಮನೆತನ ನೋಡಿ ಬಂದರು. ಹೊಲ ಐತಿ, ಬಾವಿ ಐತಿ. ಎಲ್ಲಾ ಚಲೋ ಆಯಿತು. ಆಮೇಲೆ ಗಿರಣಿ ಮುಂದೆ ಹಿಟ್ಟು ಬೀಸಿಸಲು ನಿಂತಾಗ ಒಬ್ಬಾಕೆ ಅಂದಳಂತೆ, "ಅಲ್ಲೇನ ಯವ್ವಾ ಹೆಣ್ಣ ಕೊಡೂದು? ಆ ಹುಡುಗನ ಮ್ಯಾಲ ಕೇಸ್ ಐತಿ."

ಆ ತಾಯಿ ಅವತ್ತು ಊಟ ಮಾಡಲಿಲ್ಲ. ಸಂಜೆ ಕೇಂದ್ರಕ್ಕೆ ಬಂದು ನಮ್ಮನ್ನು ಕೇಳಿದರು, "ಟೀಚರ್, ಏನ್ ಮಾಡ್ಲಿ?"

ನಾವು ಮೊದಲು ತಪ್ಪು ಮಾಡಿದೆವು. ಆ ಕಡೆ ಗುರುತಿದ್ದವರಿಗೆ ಫೋನ್ ಹಚ್ಚಿದೆವು. ಅವರು "ಹೌದಂತ್ರಿ, ನಾವೂ ಕೇಳೀವಿ" ಅಂದರು. ಅವರೂ ಕೇಳಿದ್ದು, ಗಿರಣಿಯಾಕೆಯೂ ಕೇಳಿದ್ದು. ನೋಡಿದವರು ಯಾರೂ ಇಲ್ಲ. ಇಬ್ಬರು ಅದನ್ನೇ ಅಂದಾಗ ನಾವೂ ಅರ್ಧ ನಂಬಿಬಿಟ್ಟೆವು. ಪಾಠ ಹೇಳುವವರೇ ಹೀಗೆ! ಆಗ ಆ ತಾಯಿಯೇ ಕೇಳಿದರು, "ಇದನ್ನ ಬರದ ಇಟ್ಟಿರಂಗಿಲ್ಲೇನ್ರಿ ಎಲ್ಲಿಯಾರ?" ಬರೆದು ಇಟ್ಟಿರುತ್ತಾರೆ. ಅದನ್ನು ಸರಕಾರದ ಕಾಗದದಲ್ಲಿ ನೋಡಬಹುದು.

ಅದಕ್ಕೂ ಮೊದಲು ಎರಡು ಶಬ್ದ ಓದಿರಿ. ಹಲಗೆ ಮೇಲೆ ಬರೆದಿದ್ದೇವೆ.

ಆರೋಪಿ. ಅಪರಾಧಿ.

ಎರಡೂ "ಅ", "ಆ" ದಿಂದ ಶುರು. ಆದರೆ ಇವೆರಡರ ನಡುವೆ ವರ್ಷಗಟ್ಟಲೆ ದಾರಿ ಇದೆ. ಯಾರೋ ಠಾಣೆಗೆ ಹೋಗಿ ಫಿರ್ಯಾದಿ ಕೊಡುತ್ತಾರೆ. ಪೊಲೀಸರು ಅದನ್ನು ಬರೆದುಕೊಳ್ಳುತ್ತಾರೆ. ಅದೇ ಎಫ್‌ಐಆರ್. ಅದರಲ್ಲಿ ಹೆಸರು ಬಂದವನು ಆರೋಪಿ. ಆಮೇಲೆ ತನಿಖೆ. ಸಾಕ್ಷಿ ಸಿಕ್ಕರೆ ಪೊಲೀಸರು ಕೋರ್ಟಿಗೆ ಚಾರ್ಜ್‌ಶೀಟ್ ಹಾಕುತ್ತಾರೆ. ಏನೂ ಸಿಗದಿದ್ದರೆ ಬಿ ರಿಪೋರ್ಟ್ ಹಾಕುತ್ತಾರೆ. ಚಾರ್ಜ್‌ಶೀಟ್ ಆದ ಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ನಡೆಯುತ್ತದೆ. ಕೊನೆಗೆ ನ್ಯಾಯಾಧೀಶರು ತಪ್ಪು ಮಾಡಿದ್ದಾನೆ ಅಂದರೆ ಮಾತ್ರ ಅವನು ಅಪರಾಧಿ. ಇಲ್ಲ ಅಂದರೆ ಖುಲಾಸೆ. ಇಬ್ಬರೂ ಕೂಡಿ ರಾಜಿ ಮಾಡಿಕೊಂಡು ಮುಗಿಸುವ ಸಣ್ಣ ಕೇಸುಗಳೂ ಇರುತ್ತವೆ. "ಕೇಸ್ ಐತಿ" ಅನ್ನುವ ಒಂದು ಮಾತಿನಲ್ಲಿ ಇದೆಲ್ಲಾ ಮುಚ್ಚಿಹೋಗುತ್ತದೆ.

ಈಗ ಎಲ್ಲಿ ನೋಡುವುದು ಅನ್ನುವ ಮಾತಿಗೆ ಬರೋಣ. ಎಫ್‌ಐಆರ್‌ಗಳನ್ನು ಪೊಲೀಸರ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. 24 ತಾಸಿನೊಳಗೆ ಹಾಕಬೇಕು. ನೆಟ್ ಸರಿಯಾಗಿ ಇಲ್ಲದ ದೂರದ ಊರಾದರೆ ಹೆಚ್ಚೆಂದರೆ 72 ತಾಸು. ಹಾಗಾಗಿ ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ಜಿಲ್ಲೆ ವಿಜಯಪುರ, ಠಾಣೆ ತಿಕೋಟಾ ಅಂತ ಆರಿಸಿ, ನಂಬರು ಮತ್ತು ವರ್ಷ ಕೊಟ್ಟು ಹುಡುಕಬಹುದು. ಮಹಾರಾಷ್ಟ್ರದ ಪೊಲೀಸರೂ ಹೀಗೆಯೇ ಹಾಕುತ್ತಾರೆ. ಆದರೆ ನಂಬರು ಗೊತ್ತಿಲ್ಲದಿದ್ದರೆ ಎಫ್‌ಐಆರ್ ಹುಡುಕುವುದು ಕಷ್ಟ. ಹೆಸರಿನ ಮೇಲೆ ಹುಡುಕಲು ಕೋರ್ಟಿನ ವೆಬ್‌ಸೈಟ್ ಚಲೋ. ಅದರ ಹೆಸರು ಇ-ಕೋರ್ಟ್ಸ್. ಮೊಬೈಲಿನಲ್ಲಿ ಅದರ ಆಪ್ ಸಹ ಇದೆ. ಒಂದು ರೂಪಾಯಿ ಖರ್ಚಿಲ್ಲ. ಇಡೀ ದೇಶದ ಜಿಲ್ಲಾ ಮತ್ತು ತಾಲೂಕು ಕೋರ್ಟುಗಳು ಅದರಲ್ಲಿ ಸಿಗುತ್ತವೆ.

ನಾವು ಮತ್ತು ಆ ತಾಯಿ ಇಲ್ಲೇ ಇದೇ ಜಮಖಾನೆ ಮೇಲೆ ಕೂತು ಮೊಬೈಲ್ ತೆಗೆದೆವು. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಸಾಂಗ್ಲಿ, ಕೋರ್ಟು ಜತ್ತ. ಹುಡುಗನ ಹೆಸರು ಬರೆದೆವು. ವರ್ಷ ಕೇಳಿತು. ಒಂದೊಂದೇ ವರ್ಷ ಹಾಕುತ್ತ ಹೋದೆವು. ನಡೆಯುತ್ತಿರುವ ಕೇಸು ಬೇರೆ, ಮುಗಿದ ಕೇಸು ಬೇರೆ. ಎರಡನ್ನೂ ನೋಡಬೇಕು. ಮೊದಲು ಏನೂ ಬರಲಿಲ್ಲ. ತಾಯಿ "ಶಿವನೇ" ಅಂತ ಉಸಿರು ಬಿಟ್ಟರು. ನಮಗೆ ಸಮಾಧಾನ ಆಗಲಿಲ್ಲ. ನಮ್ಮ ಕಡೆ ಮನೆಯಲ್ಲಿ ಮಲ್ಲಪ್ಪ, ಆಧಾರದಲ್ಲಿ ಮಲ್ಲಿಕಾರ್ಜುನ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅಕ್ಷರ ತಿರುಗಿಸಿ ತಿರುಗಿಸಿ ಹುಡುಕಿದೆವು. ಎರಡು ಕೇಸು ಬಂದವು!

ಎರಡರಲ್ಲೂ ಅದೇ ಹೆಸರು, ಅದೇ ಅಡ್ಡಹೆಸರು.

ಈಗ ಇದನ್ನು ಗಟ್ಟಿಯಾಗಿ ನೆನಪಿಡಿರಿ. ಹೆಸರು ಒಂದೇ ಇದ್ದರೆ ಮನುಷ್ಯ ಒಬ್ಬನೇ ಅಲ್ಲ. ನಮ್ಮೂರಿನಲ್ಲಿ ಸಿದ್ದಪ್ಪ ಎಷ್ಟು ಮಂದಿ? ಧರಿದೇವರ ಹೆಸರು ಇಟ್ಟುಕೊಂಡವರು ಎಷ್ಟು ಮಂದಿ? ಕಾಗದದಲ್ಲಿ ತಂದೆಯ ಹೆಸರು, ವಯಸ್ಸು, ಊರು ಮೂರೂ ಕೂಡಬೇಕು. ಬರೀ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ತೀರ್ಪು ತೆಗೆದು ಮೊದಲ ಪುಟ ಓದಬೇಕು. ಅಲ್ಲಿ ಬರೆದಿರುತ್ತಾರೆ.

ಮೊದಲ ತೀರ್ಪು ತೆಗೆದರೆ ಎಲ್ಲಾ ಮರಾಠಿ. ನಮಗೆ ಮಾತಾಡಲು ಬರುತ್ತದೆ, ಕೋರ್ಟಿನ ಮರಾಠಿ ಓದಲು ತಡವರಿಸುತ್ತೇವೆ. ಆಗ ನಮ್ಮ ಕೇಂದ್ರದ ಇನ್ನೊಬ್ಬ ಅಕ್ಕ ಮೊಬೈಲ್ ಇಸಿದುಕೊಂಡರು. ಅವರು ಆ ಕಡೆಯಿಂದ ಸೊಸೆಯಾಗಿ ಬಂದವರು. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಈಯತ್ತೆ ಓದಿದವರು. ಇಲ್ಲಿ ನಮ್ಮ ಹತ್ತಿರ ಕನ್ನಡ ಅ ಆ ಇ ಈ ಕಲಿಯುತ್ತಿದ್ದಾರೆ. ಅವರು ಬೆರಳು ಇಟ್ಟು ನಿಧಾನ ಓದಿದರು. ವಯಸ್ಸು 52. ತಂದೆಯ ಹೆಸರು ಬೇರೆ. ನಮ್ಮ ಹುಡುಗನಿಗೆ 26. "ಇಂವ ಅಲ್ಲ" ಅಂದರು. ಅವತ್ತು ಅವರೇ ನಮಗೆ ಟೀಚರ್.

ಎರಡನೆಯದರಲ್ಲಿ ತಂದೆಯ ಹೆಸರು ಕೂಡಿತು. ಊರು ಕೂಡಿತು. ವಯಸ್ಸೂ ಕೂಡಿತು. ಯಾರೂ ಮಾತಾಡಲಿಲ್ಲ.

ಆಮೇಲೆ ಕಲಂ ನೋಡಿದೆವು. ಕಲಂ ಅಂದರೆ ಯಾವ ತಪ್ಪಿಗೆ ಕೇಸು ಅನ್ನುವ ನಂಬರು. ಅಲ್ಲಿ 323, 504, 506 ಅಂತ ಇತ್ತು. 323 ಅಂದರೆ ಹೊಡೆದದ್ದು. 504 ಅಂದರೆ ಜಗಳ ಹುಟ್ಟುವಂತೆ ಬೈದದ್ದು. 506 ಅಂದರೆ ಬೆದರಿಕೆ. ಓದುತ್ತ ಹೋದರೆ ಹೊಲದ ಬದುವಿನ ಜಗಳ. ಅಣ್ಣ ತಮ್ಮಂದಿರ ಮಕ್ಕಳು ಬಡಿದಾಡಿದ್ದಾರೆ. ಕೊನೆಯ ಸಾಲಿನಲ್ಲಿ ರಾಜಿಯಾಗಿ ಮುಗಿದಿದೆ ಅಂತ ಬರೆದಿತ್ತು. ಕೊನೆಯ ಸಾಲು ಓದದೆ ಕಾಗದ ಮಡಚಬೇಡಿರಿ.

ಕಲಂ ನಂಬರುಗಳು ಈಗ ಬದಲಾಗಿವೆ. 2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೋಸಕ್ಕೆ 420 ಅಂತ ಎಲ್ಲರಿಗೂ ಬಾಯಿಪಾಠ. "ಅವ ಚಾರ್‌ಸೌ ಬೀಸ್" ಅಂತ ಬೈಯುತ್ತೇವಲ್ಲ. ಈಗ ಅದು 318. ಬೈಗುಳ ಬದಲಾಗಲು ಇನ್ನೂ ಬಹಳ ವರ್ಷ ಬೇಕು! ಗಂಡ, ಗಂಡನ ಮನೆಯವರು ಹಿಂಸೆ ಕೊಟ್ಟರೆ ಮೊದಲು 498ಎ, ಈಗ 85. ಕೊಲೆಗೆ ಮೊದಲು 302, ಈಗ 103. ಆ ದಿನಕ್ಕಿಂತ ಮೊದಲು ನಡೆದ ತಪ್ಪಿಗೆ ಹಳೆಯ ನಂಬರೇ ಇರುತ್ತದೆ. ಮಗಳನ್ನು ಕೊಡುವಾಗ 498ಎ, 85, ವರದಕ್ಷಿಣೆ ಕಾಯ್ದೆ ಇವು ಕಂಡರೆ ಎರಡು ಸಲ ಓದಿರಿ. ಬದುವಿನ ಜಗಳ ಬೇರೆ, ಹೆಂಡತಿಗೆ ಬಡಿದದ್ದು ಬೇರೆ.

ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತ ಅಲ್ಲ. ಬಲಾತ್ಕಾರದಂಥ ಕೇಸು, ಮಕ್ಕಳ ಮೇಲಿನ ದೌರ್ಜನ್ಯದ ಕೇಸು ಇವುಗಳ ಎಫ್‌ಐಆರ್ ವೆಬ್‌ಸೈಟಿಗೆ ಹಾಕುವುದಿಲ್ಲ. ನೊಂದವರ ಹೆಸರು ಹೊರಗೆ ಬರಬಾರದು ಅಂತ ಕಾನೂನು ಇದೆ. ಅದು ಸರಿಯಾದದ್ದೇ. 18 ತುಂಬದ ಮಕ್ಕಳ ಮೇಲಿನ ಕೇಸುಗಳನ್ನೂ ಗುಟ್ಟಾಗಿ ಇಡುತ್ತಾರೆ. ಬಹಳ ಹಳೆಯ ಕೇಸು ಕಂಪ್ಯೂಟರಿಗೆ ಏರದೇ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಫಿರ್ಯಾದಿಯನ್ನೇ ಕೊಡದ ತಪ್ಪುಗಳು ಎಷ್ಟೋ. ಹೆಂಡತಿ ಅತ್ತು ಸುಮ್ಮನಾದರೆ ಯಾವ ಕಾಗದದಲ್ಲಿ ಬರುತ್ತದೆ? ಅದಕ್ಕೇ ಕಾಗದವನ್ನೂ ನೋಡಿರಿ, ಆ ಊರಿನ ನಾಲ್ಕು ಹೆಣ್ಣುಮಕ್ಕಳನ್ನೂ ಕೇಳಿರಿ.

ಮೊಬೈಲಿನಲ್ಲಿ ನೋಡಿದ್ದು ತಿಳಿದುಕೊಳ್ಳಲು ಸಾಕು. ಮುದ್ರೆ ಬಿದ್ದ ಕಾಗದ ಬೇಕು ಅಂದರೆ ಆ ಕೋರ್ಟಿಗೇ ನಕಲು ಅರ್ಜಿ ಹಾಕಬೇಕು. ಕೇಸಿಗೆ ಸಂಬಂಧ ಇಲ್ಲದವರು ಯಾಕೆ ಬೇಕು ಅಂತ ಕಾರಣ ಹೇಳಬೇಕಾಗುತ್ತದೆ. ನಮ್ಮ ಫಿರ್ಯಾದಿಯೇ ಆದರೆ ಎಫ್‌ಐಆರ್ ನಕಲು ಠಾಣೆಯವರು ಪುಕ್ಕಟೆ ಕೊಡಬೇಕು. ಕೇಳಿ ಇಸಿದುಕೊಳ್ಳಿರಿ. ಇನ್ನು ಪೊಲೀಸ್ ವೆರಿಫಿಕೇಶನ್ ಅಂತ ಒಂದಿದೆ. ನೌಕರಿಗೆ ಹೋಗುವವರು ತಮ್ಮ ಬಗ್ಗೆ ತಾವೇ ಸೇವಾ ಸಿಂಧು ಮೂಲಕ ಅರ್ಜಿ ಹಾಕುತ್ತಾರೆ. ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಬೇರೆಯವರ ಹೆಸರಿನಲ್ಲಿ ನಾವು ಹೋಗಿ ತರಲು ಬರುವುದಿಲ್ಲ. "ಎರಡು ಸಾವಿರ ಕೊಡ್ರಿ, ಯಾರ್ ರೆಕಾರ್ಡ್ ಬೇಕಾದ್ರೂ ತಗಿಸಿ ಕೊಡ್ತೀನಿ" ಅಂತ ಯಾರಾದರೂ ಬಂದರೆ ಅವರ ಕೈಗೆ ದುಡ್ಡು ಕೊಡಬೇಡಿರಿ.

ಇದು ಬರೀ ಮದುವೆಯ ಮಾತಲ್ಲ. ಒಣದ್ರಾಕ್ಷಿ ಕೊಳ್ಳಲು ಬಂದ ಹೊಸ ವ್ಯಾಪಾರಿ "ರೊಕ್ಕ ಆಮ್ಯಾಲ" ಅಂದರೆ ಅವನ ಹೆಸರೂ ಹುಡುಕಬಹುದು. ಓಟಿನ ವಿಷಯವೂ ಅಷ್ಟೇ. ನಾವು ಬಬಲೇಶ್ವರ ಕ್ಷೇತ್ರದವರು. ಎಂಎಲ್‌ಎ, ಎಂಪಿ ಆಗಲು ನಿಂತವರು ತಮ್ಮ ಮೇಲೆ ಯಾವ ಕೇಸು ಇದೆ, ಯಾವುದರಲ್ಲಿ ಶಿಕ್ಷೆ ಆಗಿದೆ ಅಂತ ಪ್ರಮಾಣ ಮಾಡಿ ಬರೆದುಕೊಡಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ಹೀಗೆ ಹೇಳಿತು, 2003ರಲ್ಲಿ ಮತ್ತೆ ಗಟ್ಟಿ ಮಾಡಿತು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಆ ಕಾಗದ ಎಲ್ಲರೂ ನೋಡಬಹುದು. ಕೇಸು ಇದ್ದವರು ಪೇಪರಿನಲ್ಲೂ ಟಿವಿಯಲ್ಲೂ ಹೇಳಬೇಕು ಅಂತ 2018ರಲ್ಲಿ ತೀರ್ಪಾಯಿತು. ಚುನಾವಣೆ ಹೊತ್ತಿಗೆ ಪೇಪರಿನಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಆ ಸಣ್ಣ ಅಕ್ಷರವನ್ನೇ ಓದಿರಿ.

ಒಂದು ಹಳೆಯ ಸಂಗತಿ ಹೇಳಬೇಕು. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ಮಾಡಿದರು. ಕೆಲವು ಜಾತಿಯವರನ್ನು ಹುಟ್ಟಿದಾಗಲೇ ಕಳ್ಳರು ಅಂತ ಪುಸ್ತಕದಲ್ಲಿ ಬರೆದರು. 1911ರ ನಂತರ ಅದು ನಮ್ಮ ಮುಂಬೈ ಪ್ರಾಂತ್ಯಕ್ಕೂ ಬಂತು. ನಮ್ಮ ಬಿಜಾಪುರದಲ್ಲೇ ಅಂಥವರನ್ನು ಇಡುವ ಸೆಟ್ಲ್‌ಮೆಂಟ್ ಇತ್ತು. ಹಾಜರಿ ಕೊಡಬೇಕು, ಕೇಳದೆ ಊರು ಬಿಡಬಾರದು. ಏನೂ ಮಾಡದವರ ಹೆಸರೂ ಪೊಲೀಸರ ಪುಸ್ತಕದಲ್ಲಿ ಇರುತ್ತಿತ್ತು. 1952ರಲ್ಲಿ ಆ ಕಾಯ್ದೆ ಇಡೀ ದೇಶದಲ್ಲಿ ಹೋಯಿತು. ಆ ಜನರ ಮೊಮ್ಮಕ್ಕಳನ್ನು ಇವತ್ತಿಗೂ ಕೆಲವರು ಸಂಶಯದಿಂದ ನೋಡುತ್ತಾರೆ. ನಾವು ಹುಡುಕಿದ್ದನ್ನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಡಬೇಡಿರಿ ಅಂತ ಹೇಳುವುದು ಇದಕ್ಕೇ. ನಮ್ಮ ಮಗಳಿಗಾಗಿ ನೋಡಿದೆವು, ತಿಳಿದೆವು, ಅಷ್ಟೇ. ಮಾನಹಾನಿ ಕೇಸು ನಮ್ಮ ಮೇಲೇ ಬರಬಹುದು.

ಆ ತಾಯಿ ಏನು ಮಾಡಿದರು ಅಂತ ಕೇಳುತ್ತೀರಿ. ಹುಡುಗನ ಮನೆಗೆ ಹೋಗಿ ನೇರವಾಗಿ ಕೇಳಿದರು, "ಬದುವಿನ ಕೇಸ್ ನಮಗ್ಯಾಕ ಹೇಳಲಿಲ್ಲರಿ?" ಹುಡುಗನ ತಂದೆ ತಲೆ ತಗ್ಗಿಸಿದರಂತೆ. ಹುಡುಗನೇ ಎದ್ದು ಬಂದು ನಡೆದದ್ದೆಲ್ಲಾ ಹೇಳಿದನಂತೆ. ಕಾಗದದಲ್ಲಿ ಇದ್ದದ್ದಕ್ಕೂ ಅವನು ಹೇಳಿದ್ದಕ್ಕೂ ಕೂಡಿತಂತೆ. ಸಂಬಂಧ ಮಾಡಿದರೋ ಬಿಟ್ಟರೋ ಅದು ಅವರ ಮನೆಯ ಮಾತು, ಇಲ್ಲಿ ಹೇಳುವುದಿಲ್ಲ.

ಕೋರ್ಟಿನ ಕೆಲಸಕ್ಕೆ ವಕೀಲರು ಬೇಕು, ದುಡ್ಡಿಲ್ಲ ಅನ್ನುವವರು ವಿಜಯಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿರಿ. ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ. ಬಡವರಿರಲಿ, ಇದ್ದವರಿರಲಿ, ಆದಾಯ ಕೇಳುವುದಿಲ್ಲ. ಫೋನ್ ನಂಬರು 15100. ಬರೆದುಕೊಳ್ಳಿರಿ. ಅವಸರದ ಹೊತ್ತಿಗೆ ಪೊಲೀಸರದು 112, ಹೆಣ್ಣುಮಕ್ಕಳ ಸಹಾಯವಾಣಿ 181.

ಬರುವ ಮಂಗಳವಾರ ನಕಲು ಅರ್ಜಿ ಬರೆಯುವುದನ್ನು ಕಲಿಯೋಣ. ಪಾಟಿ ಬೇಡ. ಒಂದು ಬಿಳಿ ಹಾಳೆ, ಒಂದು ಪೆನ್ನು ತನ್ನಿರಿ. ಮರಾಠಿ ಓದುವ ಅಕ್ಕ, ನೀವು ತಪ್ಪಿಸಬೇಡಿರಿ.