ನಾಯಿ ಮೈ ಕೆರೆದುಕೊಂಡರೆ



ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕುರಿ ಸಾಕುವವರು ಬಹಳ. ರಾತ್ರಿ ಕುರಿ ರೊಪ್ಪ ಕಾಯುವುದು ನಾಯಿ. ಆ ನಾಯಿ ಮೈ ಕೆರೆದುಕೊಂಡರೆ ಏನು ಮಾಡ್ತೀವಿ? ಕೆಲವರು ಹೊಡೆದು ಓಡಿಸ್ತಾರೆ. ಕೆಲವರು ಗಾಡಿಯ ಸುಟ್ಟ ಆಯಿಲ್ ಬಳೀತಾರೆ. ನಮ್ಮ ಮನೆಯಲ್ಲೂ ಬಳಿದಿದ್ದೆವು. ನಾಯಿ ಅದನ್ನು ನೆಕ್ಕಿತು. ವಾಂತಿ ಮಾಡಿತು. ಎರಡು ದಿನ ಮೇಲೇಳಲಿಲ್ಲ. ಅಂದಿನಿಂದ ನಾನು ಬುದ್ಧಿ ಕಲಿತೆ.

ನಾಯಿಯ ಕಜ್ಜಿ ಶಾಪವಲ್ಲ. ಕಣ್ಣಿಗೆ ಕಾಣದ ಹುಳ ಚರ್ಮ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಕಿವಿಯ ಅಂಚಿನಲ್ಲಿ, ಕಾಲಿನ ಗಂಟಿನಲ್ಲಿ ಕೂದಲು ಉದುರುತ್ತದೆ. ಚಿಗಟ, ಉಣ್ಣೆಯಿಂದಲೂ ತುರಿಕೆ ಬರುತ್ತದೆ. ಯಾವುದೆಂದು ಪಶುವೈದ್ಯರೇ ನೋಡಿ ಹೇಳಬೇಕು. ನಾಯಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುರಿಗೆ ತಂದ ಔಷಧಿಯನ್ನು ಅಂದಾಜಿನ ಮೇಲೆ ಕೊಡಬೇಡಿ. ನಾಯಿಯ ತೂಕ ನೋಡಿ ಔಷಧಿ ಕೊಡಬೇಕು. ತುರಿಕೆ ನಿಂತರೂ ವೈದ್ಯರು ಹೇಳಿದಷ್ಟು ದಿನ ಬಿಡಬೇಡಿ.

ನಾಯಿ ಮಲಗುವ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಈ ಹುಳದ ತುರಿಕೆ ನಮಗೂ, ಮಕ್ಕಳಿಗೂ ಅಂಟಬಹುದು. ಮಕ್ಕಳ ಮೈ ತುರಿಸಿದರೆ ಡಾಕ್ಟರಿಗೆ ತೋರಿಸಿ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ನಾಯಿಯ ಕಿವಿ ನೋಡಿ. ನಾಳೆ ಪಾಠಕ್ಕೆ ಬಂದಾಗ ನನಗೆ ಹೇಳ್ತೀರಲ್ವಾ?